ಎರಡು ವಾರದ ಅತಿಥಿಗಳು

ಜೂನ್ ತಿಂಗಳು ಅರ್ಧ ಕಳೆಯಿತೆಂದರೆ ಮಲಾವಿಯ ರಾಜಧಾನಿ ಲಿಲೋಂಗ್ವೆಯ ವಿಮಾನ ನಿಲ್ದಾಣದಲ್ಲಿ ಒಂದೇ ಬಣ್ಣದ ಟೀ ಶರ್ಟ್ ತೊಟ್ಟ ಗುಂಪುಗಳು ಬಂದಿಳಿಯತೊಡಗುತ್ತವೆ. ಎದೆಯ ಮೇಲೆ ಚರ್ಚಿನ ಹೆಸರು, ಬೆನ್ನ ಮೇಲೆ ಬೈಬಲಿನ ಒಂದು ವಚನ. ಗುಂಪಿನಲ್ಲಿ ಕಾಲೇಜು ಹುಡುಗ ಹುಡುಗಿಯರೇ ಹೆಚ್ಚು. ಜೊತೆಗೆ ಒಬ್ಬ ನಿವೃತ್ತ ಶಿಕ್ಷಕಿ, ಇಬ್ಬರು ನರ್ಸುಗಳು, ಒಬ್ಬ ದಂತವೈದ್ಯ, ಬಡಗಿ ಕೆಲಸ ಬಲ್ಲ ಒಬ್ಬ ಹಿರಿಯ. ಪ್ರತಿಯೊಬ್ಬರದೂ ಎರಡೆರಡು ಪೆಟ್ಟಿಗೆ. ಒಂದರಲ್ಲಿ ತಮ್ಮ ಬಟ್ಟೆಬರೆ, ಇನ್ನೊಂದರಲ್ಲಿ ಬಣ್ಣದ ಕಡ್ಡಿ, ಫುಟ್‌ಬಾಲು, ಓದುವ ಕನ್ನಡಕ, ಪ್ಯಾರಾಸಿಟಮಾಲ್. ಹೊರಗೆ ಕಾದಿರುವ ಮಿನಿಬಸ್ಸಿನ ನೆತ್ತಿಗೆ ಸಾಮಾನು ಕಟ್ಟಿ, ಡಾಂಬರು ರಸ್ತೆ ಮುಗಿದು ಕೆಂಪು ಮಣ್ಣಿನ ದಾರಿ ಹಿಡಿದು, ಅವರು ಯಾವುದೋ ಹಳ್ಳಿಯ ಚರ್ಚಿನ ಅಂಗಳ ಸೇರುತ್ತಾರೆ. ಎರಡು ವಾರ ಅಲ್ಲಿದ್ದು ವಾಪಸು ವಿಮಾನ ಹತ್ತುತ್ತಾರೆ. ಇದೇ ಅಲ್ಪಾವಧಿಯ ಮಿಷನ್ ಯಾತ್ರೆ.

ಕ್ರೈಸ್ತ ಮಿಷನ್ ಎಂದೊಡನೆ ನಮಗೆ ನೆನಪಾಗುವುದು ಒಂದು ನೆಲಕ್ಕೆ ಹೋಗಿ ಅಲ್ಲೇ ಮಣ್ಣಾದವರು. ಈ ಹೊಸ ಬಗೆಯ ಯಾತ್ರೆಗೆ ಸುಮಾರು ಎಪ್ಪತ್ತು ವರ್ಷವಷ್ಟೇ. 1957ರ ಬೇಸಿಗೆ ರಜೆಯಲ್ಲಿ ಜಾರ್ಜ್ ವರ್ವರ್ ಎಂಬ ಅಮೆರಿಕದ ವಿದ್ಯಾರ್ಥಿ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಮೆಕ್ಸಿಕೊಗೆ ಹೋದದ್ದೇ ಮುಂದೆ ಆಪರೇಷನ್ ಮೊಬಿಲೈಸೇಷನ್ ಎಂಬ ಸಂಸ್ಥೆಯಾಗಿ ಬೆಳೆಯಿತು. 1960ರಲ್ಲಿ ಲೋರೆನ್ ಕನ್ನಿಂಗ್‌ಹ್ಯಾಮ್ ‘ಯೂತ್ ವಿತ್ ಎ ಮಿಷನ್’ ಕಟ್ಟಿದರು. ವಿಮಾನದ ಟಿಕೆಟ್ ಮಧ್ಯಮ ವರ್ಗದ ಕೈಗೆಟುಕಿದ ಮೇಲೆ ಇದು ಪ್ರವಾಹವಾಯಿತು. ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೋ ಅವರ ಅಂದಾಜಿನಂತೆ 2005ರ ಸುಮಾರಿಗೆ ಅಮೆರಿಕದ ಚರ್ಚುಗಳಿಂದಲೇ ವರ್ಷಕ್ಕೆ 16 ಲಕ್ಷ ಜನ ಹೀಗೆ ಹೊರದೇಶಕ್ಕೆ ಹೋಗಿಬರುತ್ತಿದ್ದರು. ಸ್ಕಾಟ್ಲೆಂಡ್, ದಕ್ಷಿಣ ಕೊರಿಯಾ, ದಕ್ಷಿಣ ಆಫ್ರಿಕಾಗಳಿಂದ ಹೊರಡುವವರ ಲೆಕ್ಕ ಬೇರೆ.

ಈ ಗುಂಪುಗಳು ಬಂದಿಳಿಯುವ ಮಲಾವಿ ಕ್ರೈಸ್ತಧರ್ಮಕ್ಕೆ ಹೊಸ ನೆಲವೇನಲ್ಲ. ಡೇವಿಡ್ ಲಿವಿಂಗ್‌ಸ್ಟನ್ ಇಲ್ಲಿನ ಮಹಾಸರೋವರವನ್ನು ತಲುಪಿದ್ದು 1859ರಲ್ಲಿ. 1875ರಲ್ಲಿ ಸ್ಕಾಟ್ಲೆಂಡಿನವರು ಸರೋವರದ ದಕ್ಷಿಣ ತುದಿಯ ಕೇಪ್ ಮೆಕ್ಲಿಯರ್‌ನಲ್ಲಿ ಲಿವಿಂಗ್‌ಸ್ಟೋನಿಯಾ ಮಿಷನ್ ಶುರುಮಾಡಿದರು. ಮಲೇರಿಯಾ ಅವರನ್ನು ಅಲ್ಲಿ ನಿಲ್ಲಲು ಬಿಡಲಿಲ್ಲ. 1881ರಲ್ಲಿ ಬಂಡಾವೆಗೆ, ಅಲ್ಲಿಂದ 1894ರಲ್ಲಿ ಕೊಂಡೋವೆಯ ಬೆಟ್ಟಕ್ಕೆ ಅವರು ನೆಲೆ ಬದಲಿಸಿದರು. ಕೇಪ್ ಮೆಕ್ಲಿಯರ್‌ನಲ್ಲಿ ಆ ಕಾಲದ ಗೋರಿಗಳು ಇವತ್ತಿಗೂ ಇವೆ. ವೈದ್ಯ ರಾಬರ್ಟ್ ಲಾಸ್ 1875ರಲ್ಲಿ ಬಂದವರು 1927ರವರೆಗೆ ಈ ದೇಶದಲ್ಲೇ ದುಡಿದರು. ಐವತ್ತೆರಡು ವರ್ಷ! ಅವರಷ್ಟೇ ನೆನೆಯಬೇಕಾದ ಇನ್ನೊಬ್ಬರು ವಿಲಿಯಂ ಕೋಯಿ. ದಕ್ಷಿಣ ಆಫ್ರಿಕಾದ ಖೋಸಾ ಜನಾಂಗದ ಈ ಬೋಧಕ 1876ರಲ್ಲಿ ಬಂದು, ಎನ್ಗೋನಿ ಜನರ ವಿಶ್ವಾಸ ಗಳಿಸಿ, ಹತ್ತು ವರ್ಷಕ್ಕೆ ಇಲ್ಲೇ ತೀರಿಕೊಂಡರು. ಇವತ್ತು ಮಲಾವಿಯ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಕ್ರೈಸ್ತರು. ಸುವಾರ್ತೆ ಸಾರಲೆಂದು ಬಂದ ಇಪ್ಪತ್ತರ ಹುಡುಗನಿಗೆ ಇಲ್ಲಿ ಎದುರಾಗುವುದು, ಅವನ ಅಜ್ಜಿ ಹುಟ್ಟುವ ಮೊದಲಿನಿಂದಲೂ ಭಾನುವಾರ ತಪ್ಪಿಸದ ಮನೆತನಗಳು.

ಹೀಗಿರುವಾಗ ಅವನು ಅಲ್ಲಿ ಮಾಡುವುದಾದರೂ ಏನು? ಈ ಪ್ರಶ್ನೆಗೆ ಉತ್ತರ ಅವನ ಒಂದು ದಿನದಲ್ಲೇ ಇದೆ. ಆ ದಿನವನ್ನು ಹತ್ತಿರದಿಂದ ನೋಡಿದರೆ ಮೊದಲು ಕಾಣುವುದು, ಅತಿಥಿಗಳು ಹಳ್ಳಿಗೆ ಮಾಡುವುದಕ್ಕಿಂತ ಹಳ್ಳಿ ಅತಿಥಿಗಳಿಗೆ ಮಾಡುವುದೇ ಹೆಚ್ಚು ಎಂಬುದು.

ಮಧ್ಯ ಮಲಾವಿಯ ಡೆಡ್ಝಾ ಜಿಲ್ಲೆ ಎತ್ತರದ ಪ್ರದೇಶ. ಆಫ್ರಿಕಾ ಎಂದರೆ ಸುಡುಬಿಸಿಲು ಎಂದುಕೊಂಡು ತೆಳ್ಳನೆಯ ಬಟ್ಟೆ ತಂದವರು ಜೂನ್, ಜುಲೈ ತಿಂಗಳ ರಾತ್ರಿ ಅಲ್ಲಿ ಗಡಗಡ ನಡುಗುತ್ತಾರೆ. ಹೆಚ್ಚಿನ ಹಳ್ಳಿಗಳಿಗೆ ಇನ್ನೂ ಕರೆಂಟು ಬಂದಿಲ್ಲ. ಕೋಳಿ ಕೂಗುವ ಹೊತ್ತಿಗೆ ಹೊರಗೆ ಪೊರಕೆಯ ಸದ್ದು ಕೇಳುತ್ತದೆ. ಹೆಂಗಸರು ಬಗ್ಗಿ ಮಣ್ಣಿನ ಅಂಗಳ ಗುಡಿಸುತ್ತಿರುತ್ತಾರೆ. ಅಷ್ಟರಲ್ಲಿ ಇನ್ನಿಬ್ಬರು ಕೈಪಂಪಿಗೆ ಹೋಗಿ ಇಪ್ಪತ್ತು ಲೀಟರಿನ ಬಕೆಟ್ಟನ್ನು ತಲೆಯ ಮೇಲೆ ಹೊತ್ತು ತಂದು, ಮೂರು ಕಲ್ಲಿನ ಒಲೆಯ ಮೇಲೆ ನೀರು ಕಾಯಿಸಿರುತ್ತಾರೆ. ಅತಿಥಿಗಳ ಸ್ನಾನಕ್ಕೆಂದು. ಹುಲ್ಲಿನ ತಡಿಕೆಯ ಬಚ್ಚಲಿನಲ್ಲಿ ಒಂದು ಬಕೆಟ್ ಬಿಸಿನೀರು, ಒಂದು ಚೊಂಬು. ಅಮೆರಿಕದ ಹುಡುಗಿಗೆ ಅದು ಸರಳ ಜೀವನದ ಪಾಠ. ನೀರು ತಂದ ತಾಯಿಗೆ ಅದು ಮಾಮೂಲಿಗಿಂತ ನಾಲ್ಕು ನಡಿಗೆ ಹೆಚ್ಚು, ಒಂದು ಹೊರೆ ಸೌದೆ ಹೆಚ್ಚು. ಆಕೆ ಅದನ್ನು ಲೆಕ್ಕ ಇಡುವುದಿಲ್ಲ. ಬಂದವರು ಇಡಬೇಕು.

ಬೆಳಗಿನ ತಿಂಡಿಗೆ ಬೇಯಿಸಿದ ಗೆಣಸು, ನೆಲಗಡಲೆ, ಬ್ರೆಡ್, ಚಹಾ. ಆಮೇಲೆ ಎಲ್ಲರೂ ದುಂಡಗೆ ಕೂತು ಬೈಬಲ್ ಓದಿ ಪ್ರಾರ್ಥಿಸುತ್ತಾರೆ. ಆ ಹೊತ್ತಿಗೆ ಬೇಲಿಯ ಸುತ್ತ ಮಕ್ಕಳು ಸೇರಿರುತ್ತವೆ. ಬಿಳಿಯರನ್ನು ಕರೆಯುವ ‘ಅಝುಂಗು, ಅಝುಂಗು’ ಎಂಬ ಕೂಗು ದಿನವಿಡೀ ಕೇಳುತ್ತದೆ. ಮೊದಲ ದಿನದ ಮುಖ್ಯ ಕೆಲಸ ಹಳ್ಳಿಯ ಮುಖ್ಯಸ್ಥನ ಭೇಟಿ. ಅವನ ಅನುಮತಿ ಇಲ್ಲದೆ ಆ ನೆಲದಲ್ಲಿ ಯಾವ ಕೆಲಸವೂ ಆಗದು. ಅವಸರ ಸಲ್ಲದು. ರಾತ್ರಿ ನಿದ್ದೆ ಬಂತೇ, ಮನೆಯವರು ಕ್ಷೇಮವೇ ಎಂಬ ವಿಚಾರಣೆ ಎರಡೂ ಕಡೆಯಿಂದ ಮುಗಿದ ಮೇಲೆಯೇ ಬಂದ ವಿಷಯ. ಬರಿಯ ಕೈಕುಲುಕಿ ಕೆಲಸದ ಮಾತಿಗಿಳಿಯುವವನನ್ನು ಅಲ್ಲಿ ಯಾರೂ ಬೈಯುವುದಿಲ್ಲ, ಆದರೆ ಅವನಿಗೆ ಮನೆಯಲ್ಲಿ ಯಾರೂ ಕಲಿಸಲಿಲ್ಲವೇನೋ ಎಂದು ಮರುಗುತ್ತಾರೆ.

ನಂತರ ಕಟ್ಟಡ ಕೆಲಸ. ಶಾಲೆಗೊಂದು ಕೊಠಡಿ, ಅಥವಾ ಪಾದ್ರಿಗೊಂದು ಮನೆ. ಗೋಡೆಯ ಮುಂದೆ ಇಟ್ಟಿಗೆ ಹಿಡಿದು ನಿಂತ ಅತಿಥಿಯ ಫೋಟೊ ನಾವೆಲ್ಲ ನೋಡಿದ್ದೇವೆ. ಆ ಇಟ್ಟಿಗೆ ಅಲ್ಲಿಗೆ ಬಂದ ದಾರಿ ಫೋಟೊದಲ್ಲಿ ಇರುವುದಿಲ್ಲ. ತಿಂಗಳುಗಳ ಹಿಂದೆಯೇ ಹಳ್ಳಿಯ ಗಂಡಸರು ಮಣ್ಣು ಕಲಸಿ, ಅಚ್ಚು ಹೊಡೆದು, ಒಣಗಿಸಿ, ಗೂಡು ಒಟ್ಟಿ ಸುಟ್ಟಿರುತ್ತಾರೆ. ಚರ್ಚಿನ ಮಹಿಳಾ ಸಂಘದವರು ಹೊಳೆಯಿಂದ ಮರಳು ಹೊತ್ತಿರುತ್ತಾರೆ, ಗಾರೆಗೆ ನೀರು ತಂದಿರುತ್ತಾರೆ. ಊರಿನ ಮೇಸ್ತ್ರಿಗೆ ಆ ಎರಡು ವಾರ ಎರಡು ಕೆಲಸ. ಗೋಡೆಯನ್ನೂ ಎಬ್ಬಿಸಬೇಕು, ತೂಗುಗುಂಡು ಹಿಡಿಯಲು ಬಾರದ ಅತಿಥಿಗೆ ಕೆಲಸವನ್ನೂ ಕಲಿಸಬೇಕು. ಆತ ನಗುತ್ತಲೇ ಎರಡನ್ನೂ ಮಾಡುತ್ತಾನೆ.

ಲೆಕ್ಕ ಕೇಳುವುದು ಇಲ್ಲಿ ಕಹಿಯಲ್ಲ, ಕರ್ತವ್ಯ. 1998ರಲ್ಲಿ ಮಧ್ಯ ಅಮೆರಿಕದ ಹೊಂಡುರಾಸ್ ದೇಶವನ್ನು ಮಿಚ್ ಚಂಡಮಾರುತ ನೆಲಸಮ ಮಾಡಿದಾಗ ಉತ್ತರ ಅಮೆರಿಕದ ಚರ್ಚುಗಳ ಗುಂಪುಗಳು ಅಲ್ಲಿ ಮನೆ ಕಟ್ಟಲು ಹೋದವು. ಕರ್ಟ್ ವರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞ, ಸ್ವತಃ ಭಕ್ತ ಕ್ರೈಸ್ತ, ಅದನ್ನು ಅಧ್ಯಯನ ಮಾಡಿದರು. ಪ್ರಯಾಣದ ಖರ್ಚೂ ಸೇರಿದರೆ ಅತಿಥಿಗಳು ಕಟ್ಟಿದ ಒಂದು ಮನೆಗೆ ಸುಮಾರು 30,000 ಡಾಲರ್ ಬಿದ್ದಿತ್ತು. ಅಲ್ಲಿನದೇ ಕ್ರೈಸ್ತ ಸಂಸ್ಥೆ ಅಂಥದೇ ಮನೆಯನ್ನು 2,000 ಡಾಲರಿಗೆ ಕಟ್ಟುತ್ತಿತ್ತು. ಹೋಗಿಬಂದವರ ಬದುಕಿನಲ್ಲಿ, ದಾನದಲ್ಲಿ, ಪ್ರಾರ್ಥನೆಯಲ್ಲಿ ಅವರೇ ಹೇಳಿಕೊಳ್ಳುವಷ್ಟು ಬದಲಾವಣೆಯೂ ವರ್ ಬೀಕ್ ಅವರಿಗೆ ಕಾಣಲಿಲ್ಲ. ಮಲಾವಿಯಲ್ಲಿ ಇದೇ ಅನುಪಾತ ಇದೆಯೆಂದು ನಾನು ಹೇಳುತ್ತಿಲ್ಲ. ಆದರೆ ಪಶ್ಚಿಮದಿಂದ ಒಬ್ಬರು ಬಂದುಹೋಗುವ ಟಿಕೆಟ್ಟಿನ ದುಡ್ಡಿನಲ್ಲಿ ಊರಿನ ಮೇಸ್ತ್ರಿಗೂ ಅವನ ಕೈಯಾಳುಗಳಿಗೂ ಎಷ್ಟು ತಿಂಗಳ ಕೂಲಿ ಹುಟ್ಟುತ್ತದೆಂದು ಯಾರು ಬೇಕಾದರೂ ಗುಣಿಸಿ ನೋಡಬಹುದು.

ಮಧ್ಯಾಹ್ನದ ಊಟ ನ್ಸಿಮಾ. ಕನ್ನಡಿಗರಿಗೆ ಇದನ್ನು ವಿವರಿಸುವುದು ಸುಲಭ: ರಾಗಿಯ ಬದಲು ಬಿಳಿ ಮುಸುಕಿನ ಜೋಳದ ಹಿಟ್ಟಿನಲ್ಲಿ ಮಾಡಿದ ಮುದ್ದೆ. ಎಸರಿಗೆ ಮೊದಲು ಒಂದಿಷ್ಟು ಹಿಟ್ಟು ಉದುರಿಸಿ ಗಂಜಿಯಾಗಿ ಕುದಿಸುತ್ತಾರೆ. ಗಂಜಿ ಬುಳುಬುಳು ಎಂದು ಸಿಡಿಯತೊಡಗಿದಾಗ ಹಿಡಿ ಹಿಡಿಯಾಗಿ ಉಳಿದ ಹಿಟ್ಟು ಹಾಕುತ್ತ, ಮರದ ಅಗಲ ಕೋಲಿನಿಂದ ತಿರುವುತ್ತಾರೆ. ಕೊನೆಕೊನೆಗೆ ತಿರುವಲು ರಟ್ಟೆಯ ಬಲವೆಲ್ಲ ಬೇಕು. ಪಾತ್ರೆ ಅಲುಗದಂತೆ ಕಾಲಿನಲ್ಲಿ ಒತ್ತಿ ಹಿಡಿದು, ಸೊಂಟದಿಂದ ಮೇಲೆ ಇಡೀ ಮೈ ಆಡಿಸಿ ತಿರುವಬೇಕು. ಗಂಟಾಗಬಾರದು, ಸೀಯಬಾರದು. ಆಮೇಲೆ ನೀರಿನಲ್ಲಿ ಅದ್ದಿದ ಸೌಟಿನಿಂದ ನುಣುಪಾದ ಬಿಲ್ಲೆಗಳಾಗಿ ತಟ್ಟೆಗೆ ಇಳಿಸುತ್ತಾರೆ. ನಂಚಿಕೊಳ್ಳಲು ಕುಂಬಳದ ಎಲೆಯ ಪಲ್ಯ, ನೆಲಗಡಲೆ ಪುಡಿ ಬೆರೆಸಿದ ಸೊಪ್ಪು, ಸರೋವರದ ಪುಟ್ಟ ಒಣಮೀನು ಉಸಿಪಾ. ಅತಿಥಿ ಬಂದರೆ ಕೋಳಿ. ಊಟಕ್ಕೆ ಮೊದಲು ಮನೆಯ ಹೆಣ್ಣುಮಗಳು ಮಂಡಿಯೂರಿ ಕುಳಿತು ಪ್ರತಿಯೊಬ್ಬರ ಕೈಗೂ ಚೊಂಬಿನಿಂದ ನೀರು ಹಾಕುತ್ತಾಳೆ. ಬಲಗೈಯಲ್ಲಿ ಮುರಿದು, ಉಂಡೆ ಮಾಡಿ, ಅದ್ದಿ ಉಣ್ಣುವುದು. ಚಮಚ ಹುಡುಕುವ ಅತಿಥಿಗಳ ನಡುವೆ ಮಂಡ್ಯದವರೊಬ್ಬರು ಇದ್ದಿದ್ದರೆ ಅವರಿಗೆ ಯಾರೂ ಏನೂ ಕಲಿಸಬೇಕಾಗುತ್ತಿರಲಿಲ್ಲ. ಅದೂ ಅಲ್ಲದೆ, ನಮ್ಮ ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ಭೂಮಿ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಬಂದದ್ದು ನಮ್ಮ ಹೊಲ ಸೇರಿತು. ಮಲಾವಿಯ ರೈತರು ಇವತ್ತಿಗೂ ರಾಗಿ ಬೆಳೆಯುತ್ತಾರೆ. ಅಮೆರಿಕ ಖಂಡದಿಂದ ಬಂದ ಮುಸುಕಿನ ಜೋಳ ಹೊಲವನ್ನೆಲ್ಲ ಆವರಿಸುವ ಮೊದಲು ಅಲ್ಲಿನ ಬಡವರ ಹೊಟ್ಟೆ ತುಂಬಿಸುತ್ತಿದ್ದದ್ದು ಸಿರಿಧಾನ್ಯಗಳೇ.

ಈ ಊಟ ಯಾವ ತಿಂಗಳಲ್ಲಿ ಬಡಿಸಿದ್ದು ಎಂಬುದೂ ಮುಖ್ಯ. ಮಲಾವಿಯಲ್ಲಿ ಮಳೆ ನವೆಂಬರಿನಿಂದ ಏಪ್ರಿಲ್‌ವರೆಗೆ. ಬೆಳೆ ಕೈಗೆ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ಜೂನ್, ಜುಲೈಯಲ್ಲಿ ಕಣಜ ತುಂಬಿರುತ್ತದೆ, ರಸ್ತೆ ಒಣಗಿರುತ್ತದೆ, ಅಮೆರಿಕ ಯುರೋಪಿನಲ್ಲಿ ಶಾಲೆಗೆ ರಜೆಯೂ ಇರುತ್ತದೆ. ಆದ್ದರಿಂದ ಬಹುತೇಕ ಗುಂಪುಗಳು ಬರುವುದು ಹಳ್ಳಿ ಉಂಡು ನಗುವ ಕಾಲದಲ್ಲಿ. ಡಿಸೆಂಬರಿನಿಂದ ಫೆಬ್ರವರಿ, ಮಾರ್ಚ್‌ವರೆಗೆ ಅದೇ ಮನೆಗಳಲ್ಲಿ ಕಣಜ ಬರಿದಾಗಿ ಒಪ್ಪತ್ತು ಊಟಕ್ಕೆ ಬರುತ್ತಾರೆ, ಹಿಟ್ಟಿನ ಬೆಲೆ ಏರುತ್ತದೆ, ನಿಂತ ನೀರಿನಲ್ಲಿ ಮಲೇರಿಯಾ ಹುಲುಸಾಗುತ್ತದೆ. ಆಗ ಕೆಸರಿನಲ್ಲಿ ಮಿನಿಬಸ್ಸು ಹೋಗುವುದಿಲ್ಲ, ಅತಿಥಿಯೂ ಇರುವುದಿಲ್ಲ. ‘ಇವರ ಬಳಿ ಏನೂ ಇಲ್ಲ, ಆದರೂ ಎಷ್ಟು ಸಂತೋಷವಾಗಿದ್ದಾರೆ’ ಎಂದು ಮರಳಿದವರು ಚರ್ಚಿನಲ್ಲಿ ಸಾಕ್ಷಿ ಹೇಳುತ್ತಾರೆ. ಅವರು ಕಂಡದ್ದು ಸುಳ್ಳಲ್ಲ, ಆದರೆ ಅದು ಸುಗ್ಗಿಯ ಮುಖ. ಜನವರಿಯ ಮುಖ ಕಂಡವರು ಆ ಮಾತು ಆಡಲಾರರು.

ಮಧ್ಯಾಹ್ನದ ಮೇಲೆ ಗುಂಪು ಎರಡಾಗುತ್ತದೆ. ಕೆಲವರು ಮಕ್ಕಳ ಜೊತೆ ಹಾಡು, ಕತೆ, ಆಟ. ಇನ್ನುಳಿದವರು ಚರ್ಚಿನ ಒಳಗೆ ಬೆಂಚುಗಳನ್ನು ಸಾಲಾಗಿಟ್ಟು ವೈದ್ಯಕೀಯ ಶಿಬಿರ. ಸುದ್ದಿ ಹಿಂದಿನ ಭಾನುವಾರವೇ ಹರಡಿರುತ್ತದೆ. ಹತ್ತು ಕಿಲೋಮೀಟರ್ ನಡೆದು ಬಂದವರೂ ಸಾಲಿನಲ್ಲಿ ಇರುತ್ತಾರೆ. ಅವರ ಕೈಯಲ್ಲಿ ಒಂದು ಸಣ್ಣ ಪುಸ್ತಕ. ಮಲಾವಿಯಲ್ಲಿ ರೋಗಿಯ ಚರಿತ್ರೆ ಆಸ್ಪತ್ರೆಯ ಕಪಾಟಿನಲ್ಲಿ ಇರುವುದಿಲ್ಲ, ರೋಗಿಯ ಕೈಯಲ್ಲೇ ಇರುತ್ತದೆ. ಹೆಲ್ತ್ ಪಾಸ್‌ಪೋರ್ಟ್ ಎಂದು ಅದರ ಹೆಸರು. ಮೂಲೆ ಮಡಚಿ, ಮಳೆಗೆ ನೆನೆದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೋಪಾನ ಮಾಡಿದ ಆ ಪುಸ್ತಕದಲ್ಲಿ ಹಿಂದಿನ ಜ್ವರ, ಹೆರಿಗೆ, ಚುಚ್ಚುಮದ್ದು, ಕೊಟ್ಟ ಮಾತ್ರೆ ಎಲ್ಲವೂ ಇರುತ್ತದೆ. ಅತಿಥಿ ವೈದ್ಯರು ಒಳ್ಳೆಯವರೋ ಅಲ್ಲವೋ ಎಂದು ತಿಳಿಯಲು ನನ್ನ ಪ್ರಕಾರ ಒಂದೇ ಪರೀಕ್ಷೆ ಸಾಕು: ಆ ಪುಸ್ತಕವನ್ನು ತೆರೆದು ಓದುತ್ತಾರೆಯೇ, ತಾವು ಕೊಟ್ಟದ್ದನ್ನು ಅದರಲ್ಲಿ ಬರೆಯುತ್ತಾರೆಯೇ? ಬರೆದರೆ ಮುಂದಿನ ವಾರ ಅದೇ ಅಜ್ಜಿಯನ್ನು ನೋಡುವ ಊರಿನ ಆರೋಗ್ಯ ಕಾರ್ಯಕರ್ತನಿಗೆ ದಾರಿ ಗೊತ್ತಾಗುತ್ತದೆ. ಬರೆಯದಿದ್ದರೆ ಅಜ್ಜಿಯ ಕೈಯಲ್ಲಿ ಉಳಿಯುವುದು ಹೆಸರಿಲ್ಲದ ಒಂದು ಪೊಟ್ಟಣ ಮಾತ್ರೆ.

ಬಿಪಿ ಮಾತ್ರೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಶಿಬಿರದಲ್ಲಿ ರಕ್ತದೊತ್ತಡ ಅಳೆದು, ಹೆಚ್ಚಿದೆ ಎಂದು ಮೂವತ್ತು ಮಾತ್ರೆ ಕೊಟ್ಟರೆ, ಮೂವತ್ತೊಂದನೆಯ ದಿನ ಏನು? ಅದು ಬದುಕಿರುವವರೆಗೆ ನುಂಗಬೇಕಾದ ಔಷಧ. ಊರಿನ ಆರೋಗ್ಯ ಕೇಂದ್ರದಲ್ಲಿ ಯಾವ ಮಾತ್ರೆ ಸಿಗುತ್ತದೆ ಎಂದು ಮೊದಲೇ ವಿಚಾರಿಸಿ ಅದನ್ನೇ ಬರೆದುಕೊಡುವುದು, ಅಲ್ಲಿಗೇ ಕಳಿಸುವುದು ಸರಿಯಾದ ಚಿಕಿತ್ಸೆ. ಮಲಾವಿಯಲ್ಲಿ ಆರೋಗ್ಯ ಸೇವೆ ಇಲ್ಲವೇ ಇಲ್ಲ ಎಂಬುದು ಅಜ್ಞಾನದ ಮಾತು. ಸರ್ಕಾರಿ ಆಸ್ಪತ್ರೆಗಳ ಜೊತೆಗೆ ಕ್ರೈಸ್ತ ಆಸ್ಪತ್ರೆಗಳ ಒಕ್ಕೂಟವೊಂದಿದ್ದು, ದೇಶದ ಆರೋಗ್ಯ ಸೇವೆಯ ಸುಮಾರು ಮೂರನೇ ಒಂದು ಭಾಗವನ್ನು ಅದು ಹೊತ್ತಿದೆ. ಹಳ್ಳಿ ಹಳ್ಳಿಗೂ ಸೈಕಲ್ಲಿನಲ್ಲಿ ಹೋಗುವ ಆರೋಗ್ಯ ಕಾರ್ಯಕರ್ತರಿದ್ದಾರೆ. ವೈದ್ಯರು ಕಡಿಮೆ ಇರುವುದರಿಂದ ಸಿಸೇರಿಯನ್ ಸೇರಿದಂತೆ ಬಹಳಷ್ಟು ಶಸ್ತ್ರಚಿಕಿತ್ಸೆಗಳನ್ನು ಮಾಡುವವರು ಕ್ಲಿನಿಕಲ್ ಆಫೀಸರ್ ಎಂಬ ತರಬೇತಿ ಪಡೆದ ಸಿಬ್ಬಂದಿ. 2019ರ ಏಪ್ರಿಲ್‌ನಲ್ಲಿ ಜಗತ್ತಿನ ಮೊದಲ ಮಲೇರಿಯಾ ಲಸಿಕೆಯನ್ನು ಮಕ್ಕಳಿಗೆ ಕೊಡುವ ಪ್ರಾಯೋಗಿಕ ಕಾರ್ಯಕ್ರಮ ಮೊದಲು ಶುರುವಾದದ್ದೇ ಈ ದೇಶದಲ್ಲಿ, ಹಾಕಿದವರು ಈ ದೇಶದ ಆರೋಗ್ಯ ಕಾರ್ಯಕರ್ತರೇ. ಬಂದ ಶಸ್ತ್ರಚಿಕಿತ್ಸಕರು ಇಂಥವರ ಪಕ್ಕದಲ್ಲಿ ನಿಂತು ಒಂದು ಹೊಸ ಕೌಶಲ ಕಲಿಸಿ ಹೋದರೆ ಅದು ಅವರ ವಿಮಾನದ ಜೊತೆ ಹಾರಿಹೋಗುವುದಿಲ್ಲ. ವೈದ್ಯವೃತ್ತಿಯ ಪರವಾನಗಿ ಇಲ್ಲದ ಕಾಲೇಜು ಹುಡುಗರಿಗೆ ಹಲ್ಲು ಕೀಳಲು, ಚುಚ್ಚುಮದ್ದು ಹಾಕಲು ಬಿಡುವ ಶಿಬಿರಗಳನ್ನು ಮಾತ್ರ ಯಾವ ಭಕ್ತಿಯ ಹೆಸರಿನಲ್ಲೂ ಒಪ್ಪಲಾಗದು. ತನ್ನ ಊರಿನಲ್ಲಿ ಮಾಡಿದರೆ ಜೈಲಿಗೆ ಹೋಗಬೇಕಾದ ಕೆಲಸ ಬಡವರ ಊರಿನಲ್ಲಿ ಸೇವೆಯಾಗುವುದಿಲ್ಲ.

ಅನಾಥಾಲಯದ ಭೇಟಿಯೂ ಅಷ್ಟೇ. ವಾರವಿಡೀ ಎತ್ತಿ ಮುದ್ದಾಡಿ, ಮಗು ಹೆಗಲಿಗೆ ಒರಗುವುದನ್ನು ಕಲಿತ ದಿನವೇ ಬಿಟ್ಟು ಹೋಗುವುದು ಆ ಮಗುವಿಗೆ ಮತ್ತೊಂದು ಅಗಲಿಕೆ. ಆಫ್ರಿಕಾದ ಅನಾಥಾಲಯಗಳಲ್ಲಿರುವ ಬಹಳಷ್ಟು ಮಕ್ಕಳಿಗೆ ತಾಯಿ ಅಥವಾ ತಂದೆ ಇದ್ದಾರೆ. ಇಲ್ಲದಿದ್ದರೆ ಅಜ್ಜಿ, ಚಿಕ್ಕಮ್ಮ ಇದ್ದಾರೆ. ಆ ಅಜ್ಜಿಯ ಮನೆಗೆ ಒಂದು ಮೂಟೆ ಹಿಟ್ಟು, ಮಗುವಿನ ಶಾಲೆಗೆ ಸಮವಸ್ತ್ರ ಸೇರುವಂತೆ ನೋಡಿಕೊಳ್ಳುವುದು ಇದಕ್ಕಿಂತ ಎಷ್ಟೋ ಮೇಲು.

ನೀರಿನ ಮಾತಿಗೆ ಬರೋಣ, ಇದರಲ್ಲಿ ನಮ್ಮ ದೇಶದ ಪಾಲೂ ಇದೆ. 1960ರ ದಶಕದಲ್ಲಿ ಮಹಾರಾಷ್ಟ್ರದ ಬರಪೀಡಿತ ಜಾಲ್ನಾ, ಸೊಲ್ಲಾಪುರಗಳ ಮಿಷನ್‌ಗಳಲ್ಲಿದ್ದವರು ಪದೇ ಪದೇ ಮುರಿಯುತ್ತಿದ್ದ ಬೀಡುಕಬ್ಬಿಣದ ಪಂಪುಗಳಿಗೆ ಬದಲಾಗಿ ಉಕ್ಕಿನ ಕೈಪಂಪು ರೂಪಿಸಿದರು. ಅದರ ಆಧಾರದ ಮೇಲೆ ಯುನಿಸೆಫ್ ನೆರವಿನಿಂದ ತಯಾರಾದದ್ದು ಇಂಡಿಯಾ ಮಾರ್ಕ್ 2. ನಮ್ಮ ಹಳ್ಳಿಗಳ ಬೋರ್‌ವೆಲ್ ಮೇಲೆ ನಿಂತಿರುವ ಅದೇ ಪಂಪು ಆಫ್ರಿಕಾದ ಹಲವು ದೇಶಗಳಿಗೂ ಹೋಯಿತು. ಮಲಾವಿಯಲ್ಲಿ ಹೆಚ್ಚು ಕಾಣುವುದು 1980ರ ದಶಕದಲ್ಲಿ ಅಲ್ಲೂ ಕೆನ್ಯಾದಲ್ಲೂ ಪರೀಕ್ಷಿಸಿ ಬೆಳೆಸಿದ ಆಫ್ರಿಡೆವ್. ಇದರ ವಿಶೇಷವೆಂದರೆ ರಿಪೇರಿಗೆ ಕ್ರೇನು ಬೇಡ, ಪಟ್ಟಣದ ಮೆಕ್ಯಾನಿಕ್ ಬೇಡ. ಒಂದು ಸ್ಪ್ಯಾನರ್, ಒಂದು ಕೊಕ್ಕೆ ಕಡ್ಡಿ ಇದ್ದರೆ ಹಳ್ಳಿಯ ಹೆಂಗಸರೇ ಸಲಾಕೆಗಳನ್ನು ಒಂದೊಂದಾಗಿ ಮೇಲೆಳೆದು, ಸವೆದ ರಬ್ಬರ್ ಸೀಲನ್ನೂ ಪ್ಲಾಸ್ಟಿಕ್ ಬೇರಿಂಗನ್ನೂ ಬದಲಿಸಿ ಮತ್ತೆ ಕೂರಿಸಬಹುದು. ಇಷ್ಟಾದರೂ ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ ಕೈಪಂಪುಗಳ ಸುಮಾರು ಮೂರನೇ ಒಂದು ಭಾಗ ಕೆಟ್ಟು ನಿಂತಿರುತ್ತವೆ ಎಂಬ ಅಂದಾಜಿದೆ. ಕಾರಣ ಬಹಳ ಸಲ ಒಂದು ಸಣ್ಣ ಸೀಲು. ಹೊಸ ಬೋರ್‌ವೆಲ್ಲಿಗೆ ಹಣ ಕೊಡುವವರು ಸಿಗುತ್ತಾರೆ, ಅದರ ಮೇಲೆ ಫಲಕವೂ ಕೂರುತ್ತದೆ. ಸೀಲಿಗೆ ಫಲಕವಿಲ್ಲ. ಊರಿನ ನೀರು ಸಮಿತಿ ಮನೆಗಿಷ್ಟು ಎಂದು ಅಲ್ಲಿನ ಹಣವಾದ ಕ್ವಾಚಾ ಎತ್ತಿ ಇಟ್ಟುಕೊಂಡು, ಪಂಪಿನ ಸುತ್ತ ಬೇಲಿ ಕಟ್ಟಿ, ಬಿಡಿಭಾಗ ಎಲ್ಲಿ ಸಿಗುತ್ತದೆಂದು ತಿಳಿದುಕೊಂಡಿದ್ದರೆ ಮಾತ್ರ ಆ ಪಂಪು ಉಳಿಯುತ್ತದೆ. ಬಂದ ಗುಂಪು ಹೊಸದನ್ನು ಕೊರೆಸುವ ಬದಲು ಕೆಟ್ಟ ನಾಲ್ಕನ್ನು ಎಬ್ಬಿಸಲು ಸಮಿತಿಗೆ ನೆರವಾದರೆ ನೀರು ಹೆಚ್ಚು ಮನೆ ಮುಟ್ಟುತ್ತದೆ.

ಎಲ್ಲ ಯೋಜನೆಗಳೂ ನಿಂತುಹೋಗುವ ಒಂದು ದಿನ ಬಹುತೇಕ ಪ್ರತಿ ಯಾತ್ರೆಯಲ್ಲೂ ಬರುತ್ತದೆ. ಊರಿನಲ್ಲಿ ಸಾವಾಗುತ್ತದೆ. ಗಾರೆ ಕಲಸಿ ಇಟ್ಟಿರುತ್ತಾರೆ, ಮೇಸ್ತ್ರಿ ಬರುವುದಿಲ್ಲ. ಅನುವಾದಕ ಬರುವುದಿಲ್ಲ. ಮಕ್ಕಳೂ ಬರುವುದಿಲ್ಲ. ಹೊಲ, ಸಂತೆ, ಕಟ್ಟಡ ಎಲ್ಲ ಬಿಟ್ಟು ಇಡೀ ಊರು ಸಾವಿನ ಮನೆಯಲ್ಲಿ ಸೇರುತ್ತದೆ. ಹೆಂಗಸರು ಚಿತೆಂಜೆ ಎಂಬ ಬಣ್ಣದ ಬಟ್ಟೆಯನ್ನು ಸೊಂಟಕ್ಕೆ ಸುತ್ತಿ, ಹಿಟ್ಟಿನ ಬಟ್ಟಲು, ಸೌದೆಯ ಹೊರೆ ಹೊತ್ತು ಸಾಲಾಗಿ ಬರುತ್ತಾರೆ. ಒಳಗೆ ಶವದ ಸುತ್ತ ನೆಲದ ಮೇಲೆ ಕುಳಿತು ರಾತ್ರಿಯಿಡೀ ಹಾಡುತ್ತಾರೆ. ಗಂಡಸರು ಹೊರಗೆ ಮರದಡಿ ಮೌನವಾಗಿ ಕುಳಿತಿರುತ್ತಾರೆ, ಯುವಕರು ಗುಂಡಿ ತೋಡುತ್ತಾರೆ. ಎರಡೇ ವಾರದ ಅವಧಿಯಲ್ಲಿ ಎರಡು ದಿನ ‘ಹಾಳಾಯಿತು’ ಎಂದು ಚಡಪಡಿಸುವವರು ಇರುತ್ತಾರೆ. ಕೆಲಸದ ಪಟ್ಟಿಯನ್ನು ಮಡಚಿಟ್ಟು ಹೋಗಿ ಆ ಚಾಪೆಯ ಅಂಚಿನಲ್ಲಿ ಕೂರುವವರೂ ಇರುತ್ತಾರೆ. ಭಾಷೆ ಬರುವುದಿಲ್ಲ, ಹೇಳಲು ಏನೂ ಇಲ್ಲ, ಹಾಡಿನ ಧಾಟಿ ಮಾತ್ರ ಪರಿಚಿತ. ವರ್ಷಗಳ ನಂತರವೂ ಊರಿನವರು ನೆನೆಯುವುದು ಗೋಡೆಯನ್ನಲ್ಲ, ಆ ದಿನ ಬಂದು ಕೂತವರನ್ನು. ಈ ಯಾತ್ರೆಗಳಿಗೆ ಏನಾದರೂ ಆಧ್ಯಾತ್ಮಿಕ ಅರ್ಥವಿದ್ದರೆ ಅದು ಇಲ್ಲೇ ಇದೆ ಎಂದು ನಾನು ನಂಬುತ್ತೇನೆ.

ಭಾನುವಾರದ ಆರಾಧನೆ ಬೆಳಗ್ಗೆ ಶುರುವಾದರೆ ಮುಗಿಯುವುದು ಮಧ್ಯಾಹ್ನಕ್ಕೆ. ಒಂದಾದ ಮೇಲೊಂದು ಗಾಯನ ತಂಡ, ವಾದ್ಯವಿಲ್ಲದೆಯೇ ನಾಲ್ಕು ಸ್ವರಗಳಲ್ಲಿ ಹಾಡು. ಕಾಣಿಕೆಯ ಹೊತ್ತಿಗೆ ಜನ ಸಾಲುಗಟ್ಟಿ ಕುಣಿಯುತ್ತ ಮುಂದೆ ಬರುತ್ತಾರೆ. ಸುಗ್ಗಿಯ ಕಾಲವಾದ್ದರಿಂದ ಜೋಳದ ಚೀಲ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿಯೂ ವೇದಿಕೆಯ ಬಳಿ ಸೇರುತ್ತವೆ. ಅತಿಥಿಗಳಿಗೆ ಪ್ರಸಂಗ ಮಾಡಲು ಹೇಳುತ್ತಾರೆ. ವಾಕ್ಯ ವಾಕ್ಯಕ್ಕೂ ನಿಲ್ಲಿಸಿ ಅನುವಾದಕರು ಚಿಚೆವಾ ಭಾಷೆಯಲ್ಲಿ ಹೇಳುತ್ತಾರೆ. ಎಷ್ಟೋ ಸಲ ಅನುವಾದಕರೇ ಒಳ್ಳೆಯ ಬೋಧಕರಾಗಿರುತ್ತಾರೆ. ಈ ದೇಶ ತನ್ನ ಪಾದ್ರಿಗಳನ್ನು ಕೇವಲ ವಿಧೇಯರೆಂದು ನೆನೆಯುವುದಿಲ್ಲ. ವಸಾಹತು ಎಸ್ಟೇಟುಗಳ ದಬ್ಬಾಳಿಕೆಯ ವಿರುದ್ಧ 1915ರ ಜನವರಿಯಲ್ಲಿ ದಂಗೆಯೆದ್ದು ಪ್ರಾಣ ಕೊಟ್ಟ ಜಾನ್ ಚಿಲೆಂಬ್ವೆ ಒಬ್ಬ ಬ್ಯಾಪ್ಟಿಸ್ಟ್ ಪಾದ್ರಿ. ಅವರ ಹೆಸರಿನ ದಿನಕ್ಕೆ ಅಲ್ಲಿ ಸಾರ್ವಜನಿಕ ರಜೆ, ಅವರ ಚಿತ್ರ ಅಲ್ಲಿನ ನೋಟಿನ ಮೇಲೆ.

ರಾತ್ರಿ ಸೋಲಾರ್ ದೀಪದ ಸುತ್ತ ದಿನದ ಅವಲೋಕನ, ಮಲೇರಿಯಾ ತಡೆಯುವ ಮಾತ್ರೆ, ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ನಿದ್ದೆ. ಕೊನೆಯ ದಿನ ಪೆಟ್ಟಿಗೆಗಳನ್ನು ಖಾಲಿ ಮಾಡಿ ಬಟ್ಟೆ ಹಂಚುವ ಸಂಭ್ರಮ ನಡೆಯುತ್ತದೆ. ಪಶ್ಚಿಮದ ಹಳೇ ಬಟ್ಟೆ ಮೂಟೆಗಟ್ಟಲೆ ಬಂದು ಮಲಾವಿಯ ಸಂತೆಗಳಲ್ಲಿ ಮೊದಲೇ ರಾಶಿ ಬಿದ್ದಿದೆ. ಅಂಗಡಿಯ ಜಗಲಿಯ ಮೇಲೆ ಕಾಲುಮಣೆಯ ಹೊಲಿಗೆ ಯಂತ್ರ ಇಟ್ಟುಕೊಂಡು ಕೂತ ದರ್ಜಿಗೆ ಆ ಉಚಿತ ಟೀ ಶರ್ಟು ಇನ್ನೊಂದು ಏಟು. ಅದೇ ಗುಂಪಿನ ಹತ್ತು ಹುಡುಗಿಯರು ಅವನ ಬಳಿ ಚಿತೆಂಜೆ ಬಟ್ಟೆಯಲ್ಲಿ ಒಂದೊಂದು ಲಂಗ ಹೊಲಿಸಿಕೊಂಡು ಕೇಳಿದಷ್ಟು ಕೂಲಿ ಕೊಟ್ಟರೆ ಆ ತಿಂಗಳು ಅವನ ಮನೆಗೆ ಹಬ್ಬ.

ಕರ್ನಾಟಕಕ್ಕೂ ಆಫ್ರಿಕಾಕ್ಕೂ ಈ ಮಿಷನ್ ದಾರಿಯಲ್ಲಿ ಹಳೆಯ ನಂಟಿದೆ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಅದಕ್ಕೂ ಮೊದಲೇ 1828ರಲ್ಲಿ ಅದು ಇಂದಿನ ಘಾನಾಕ್ಕೆ ಕಾಲಿಟ್ಟಿತ್ತು. 1853ರಲ್ಲಿ ಆ ಸಂಸ್ಥೆ ಕಳಿಸಿದವರಲ್ಲಿ ಇಬ್ಬರು ತರುಣರಿದ್ದರು. ಫರ್ಡಿನೆಂಡ್ ಕಿಟೆಲ್ ಕನ್ನಡನಾಡಿಗೆ ಬಂದರು, ಯೋಹಾನ್ ಕ್ರಿಸ್ಟಾಲರ್ ಘಾನಾಕ್ಕೆ ಹೋದರು. ಕ್ರಿಸ್ಟಾಲರ್ ಅವರ ಟ್ವಿ ಭಾಷೆಯ ನಿಘಂಟು ಹೊರಬಂದದ್ದು 1881ರಲ್ಲಿ, ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ. ಇಬ್ಬರೂ ಮೊದಲು ಮಾಡಿದ ಕೆಲಸ ಹಳ್ಳಿಯವರ ಬಳಿ ಶಿಷ್ಯರಂತೆ ಕುಳಿತು ಕೇಳಿಸಿಕೊಂಡದ್ದು. ಇತ್ತ ನಮ್ಮ ಕಾಲದಲ್ಲಿ ಮಂಗಳೂರಿನಲ್ಲಿ ಬೇರೂರಿ ಬೆಳೆದ ಅಪೊಸ್ತಲಿಕ್ ಕಾರ್ಮೆಲ್ ಸಂಸ್ಥೆಯ ಭಗಿನಿಯರು ಕೆನ್ಯಾಕ್ಕೆ ಹೋಗಿ ಸೇವೆ ಮಾಡುತ್ತಿದ್ದಾರೆ. ಅವರು ರಜೆಯಲ್ಲಿ ಹೋದವರಲ್ಲ.

ಎರಡು ವಾರದಲ್ಲಿ ಯಾರೂ ಕಿಟೆಲ್ ಆಗಲಾರರು. ಆಗಬೇಕಾಗಿಯೂ ಇಲ್ಲ. ಹಾಗೆಂದು ಈ ಯಾತ್ರೆಗಳೆಲ್ಲ ವ್ಯರ್ಥ, ಮನೆಯಲ್ಲೇ ಇರಿ ಎನ್ನುವವರ ಜೊತೆಯೂ ನಾನಿಲ್ಲ. ವರ್ಷ ವರ್ಷ ಅದೇ ಊರಿಗೆ ಹೋಗುವ, ಊರಿನ ಪಾದ್ರಿ ಮತ್ತು ಸಮಿತಿ ಹೇಳಿದ್ದನ್ನಷ್ಟೇ ಮಾಡುವ, ಕಟ್ಟಡಕ್ಕೆ ಮೇಸ್ತ್ರಿಗೇ ಕೂಲಿ ಕೊಟ್ಟು ತಾವು ಕೈಯಾಳಾಗುವ ಗುಂಪುಗಳಿವೆ. ಅಂಥವರ ಮತ್ತು ಹಳ್ಳಿಯವರ ನಡುವೆ ದಶಕಗಳ ಸ್ನೇಹ ಬೆಳೆದಿದೆ, ಅಲ್ಲಿನ ಪಾದ್ರಿಗಳೂ ಇವರ ಊರಿಗೆ ಬಂದು ಪ್ರಸಂಗ ಮಾಡಿ ಹೋಗುತ್ತಾರೆ. ಬರುವ ದಾರಿ, ಹೋಗುವ ದಾರಿ ಎರಡೂ ತೆರೆದಿರುವ ಕಡೆ ಮಾತ್ರ ಇದನ್ನು ಸಹಭಾಗಿತ್ವ ಎನ್ನಬಹುದು.

ಮಂಗಳೂರು, ಬೆಂಗಳೂರು, ಹುಬ್ಬಳ್ಳಿ ಧಾರವಾಡದ ಯಾವುದೇ ಸಭೆಯ ಯುವಕರಿಗೆ, ನರ್ಸಿಂಗ್ ಮುಗಿಸಿದವರಿಗೆ ಇಂಥ ಯಾತ್ರೆಯ ಕರೆ ಬಂದರೆ ಒಂದು ವಿನಂತಿ. ಟಿಕೆಟ್ ಕೊಳ್ಳುವ ಮೊದಲು ಆ ಹಳ್ಳಿಯ ಪಾದ್ರಿಗೆ ಒಂದು ಪತ್ರ ಬರೆಯಿರಿ. ನಿಮಗೆ ನಾವು ಬೇಕೋ, ನಮ್ಮ ಟಿಕೆಟ್ಟಿನ ಹಣ ಬೇಕೋ ಎಂದು ನೇರವಾಗಿ ಕೇಳಿ, ಸಂಕೋಚವಿಲ್ಲದೆ ಉತ್ತರಿಸಲು ಅವರಿಗೆ ಅವಕಾಶ ಕೊಡಿ. ಹಣ ಎಂದರೆ ಕಳಿಸಿಬಿಡಿ. ಬನ್ನಿ ಎಂದರೆ ಜುಲೈ ಬಿಟ್ಟು ಯಾವ ತಿಂಗಳು ಬಂದರೆ ಅನುಕೂಲ ಎಂದೂ ಕೇಳಿ, ಅವರು ಹೇಳಿದ ತಿಂಗಳಿನಲ್ಲಿ ಹೋಗಿ.